ಚಳಿಯಲ್ಲಿ ರಾಸುಗಳು ಮೈಶಾಖ ಕಾಯ್ದುಕೊಳ್ಳುವ ಬಗೆ

ರೇಷ್ಮೆ ಹುಳು ಸಾಕುವ ರೈತರಿಗೆ ಚಳಿಗಾಲದ ಕಾವಿನ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಚಾಕಿ ಹುಳುವಿಗೆ 27–28 ಡಿಗ್ರಿ ಸೆಂಟಿಗ್ರೇಡ್, ಬೆಳೆದ ಹುಳುವಿಗೆ 24–25 ಡಿಗ್ರಿ ಉಷ್ಣತೆ ಬೇಕೆಂಬುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹುಳು ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕಾರ್ತಿಕ ಕಳೆದು ಚಳಿ ಬಿದ್ದೊಡನೆ ಕಿಟಕಿಗೆ ಪರದೆ ಇಳಿಯುತ್ತದೆ, ಮನೆಯೊಳಗೆ ಹೀಟರ್ ಬರುತ್ತದೆ. ಏಕೆಂದರೆ ಹುಳುವಿಗೆ ತನ್ನದೇ ಆದ ಶಾಖವಿಲ್ಲ. ಮನೆ ತಣ್ಣಗಾದರೆ ಹುಳುವೂ ತಣ್ಣಗಾಗುತ್ತದೆ. ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ಜ್ವರಕ್ಕೆ ಕೂರುವುದು ತಡವಾಗುತ್ತದೆ, ಗೂಡು ಕಟ್ಟುವ ದಿನ ಮುಂದೆ ಹೋಗುತ್ತದೆ.

ಅದೇ ಮನೆಯ ಪಕ್ಕದ ಕೊಟ್ಟಿಗೆಯಲ್ಲಿರುವ ಹಸು, ಎಮ್ಮೆ, ಕುರಿ, ಮೇಕೆಗಳ ರೀತಿ ಬೇರೆ. ಇವು ಮರಿಗೆ ಹಾಲೂಡಿಸುವ ಸಸ್ತನಿಗಳು. ಹೊರಗೆ 14 ಡಿಗ್ರಿ ಇರಲಿ, 34 ಡಿಗ್ರಿ ಇರಲಿ, ಹಸುವಿನ ಒಳಮೈ ಸುಮಾರು 38.5 ಡಿಗ್ರಿಯಲ್ಲಿ, ಕುರಿ-ಮೇಕೆಗಳದು ಸುಮಾರು 39 ಡಿಗ್ರಿಯಲ್ಲಿ, ಮನುಷ್ಯನದು 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಈ ಶಾಖ ಎಲ್ಲಿಂದ ಬರುತ್ತದೆ, ಚಳಿಯಲ್ಲಿ ಮೈ ಅದನ್ನು ಹೇಗೆ ಹಿಡಿದಿಡುತ್ತದೆ, ಯಾವಾಗ ಹಿಡಿದಿಡಲಾರದೆ ಸೋಲುತ್ತದೆ ಎಂಬುದನ್ನು ತಿಳಿದುಕೊಂಡರೆ, ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ತನಕ ಯಾವ ರಾಸಿಗೆ ನಮ್ಮ ನೆರವು ಬೇಕು, ಯಾವುದಕ್ಕೆ ಬೇಡ ಎಂಬುದು ಸ್ಪಷ್ಟವಾಗುತ್ತದೆ. ನೆರವು ಬೇಡದ ಹಸುವಿಗೆ ಗೋಣಿ ಹೊದಿಸಿ, ನೆರವು ಬೇಕಾದ ಎಳೆಗರುವನ್ನು ಬರಿಯ ಚಪ್ಪಡಿಯ ಮೇಲೆ ಬಿಟ್ಟಿರುವುದನ್ನು ಎಷ್ಟೋ ಕಡೆ ಕಾಣುತ್ತೇವೆ.

ಮೇವೇ ಸೌದೆ

ಒಲೆಯಲ್ಲಿ ಸೌದೆ ಉರಿದು ಶಾಖ ಕೊಡುವಂತೆ, ಮೈಯಲ್ಲಿ ಆಹಾರ ನಿಧಾನವಾಗಿ ಉರಿದು ಶಾಖ ಕೊಡುತ್ತದೆ. ಗುಂಡಿಗೆ ಬಡಿಯುವಾಗ, ಯಕೃತ್ತು ಕೆಲಸ ಮಾಡುವಾಗ, ಮಾಂಸಖಂಡಗಳು ಎಳೆದು ಸಡಿಲಗೊಳ್ಳುವಾಗ ಶಾಖ ಹುಟ್ಟುತ್ತಲೇ ಇರುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಇದಲ್ಲದೆ ಇನ್ನೊಂದು ಒಲೆಯೂ ಇದೆ. ರುಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುವಾಗ ಸಾಕಷ್ಟು ಶಾಖ ಬರುತ್ತದೆ. ಚಳಿಗಾಲದ ಬೆಳಿಗ್ಗೆ ತಿಪ್ಪೆಯನ್ನು ಕೆದಕಿದರೆ ಹಬೆಯೇಳುವುದನ್ನು ನೀವು ನೋಡಿದ್ದೀರಿ; ಹಸುವಿನ ಹೊಟ್ಟೆಯಲ್ಲಿಯೂ ಅದೇ ಬಗೆಯ ಕೆಲಸ ನಡೆಯುತ್ತಿರುತ್ತದೆ. ಚೆನ್ನಾಗಿ ಮೇವು ತಿಂದು ಹಾಲು ಕೊಡುವ ಮಿಶ್ರತಳಿ ಹಸುವೊಂದು ಹೆಚ್ಚುಕಡಿಮೆ ಸಾವಿರ ವ್ಯಾಟಿನ ವಿದ್ಯುತ್ ಹೀಟರಿನಷ್ಟು ಶಾಖವನ್ನು ಹಗಲೂ ರಾತ್ರಿ ಹೊರಬಿಡುತ್ತದೆ. ಬೇಸಿಗೆಯಲ್ಲಿ ಅದು ಏದುಸಿರು ಬಿಡುವುದು ಇದೇ ಕಾರಣಕ್ಕೆ.

ಈಗ ತಾನೇ ಹುಟ್ಟಿದ ಕರುವಿನಲ್ಲಿ ಈ ಎರಡನೆಯ ಒಲೆ ಇನ್ನೂ ಹತ್ತಿರುವುದಿಲ್ಲ. ಅದರ ರುಮೆನ್ ಚಿಕ್ಕದು, ಅದರಲ್ಲಿ ಹುಲ್ಲಿಲ್ಲ, ಹುದುಗಿಸುವ ಜೀವಿಗಳೂ ಇಲ್ಲ. ಅದು ಬದುಕಬೇಕಾದದ್ದು ಹಾಲಿನಿಂದ ಮತ್ತು ತಾಯಿಯ ಹೊಟ್ಟೆಯಿಂದ ತಂದ ಅಷ್ಟಿಷ್ಟು ಕೊಬ್ಬಿನಿಂದ.

ಚಳಿಗೆ ಮೈ ಮಾಡಿಕೊಳ್ಳುವ ಏರ್ಪಾಡು

ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವಿದೆ. ಚರ್ಮದಿಂದಲೂ ಒಳಮೈಯಿಂದಲೂ ಬರುವ ಚಳಿ-ಸೆಕೆಯ ಸುದ್ದಿ ಇಲ್ಲಿಗೆ ತಲುಪುತ್ತದೆ. ಇಲ್ಲಿಂದ ಆಜ್ಞೆ ಹೊರಡುತ್ತದೆ. ಚಳಿ ತಟ್ಟಿದಾಗ ಮೈ ಮೊದಲು ಇರುವ ಶಾಖವನ್ನು ಉಳಿಸಲು ನೋಡುತ್ತದೆ. ಅದು ಸಾಲದಿದ್ದರೆ ಹೊಸ ಶಾಖವನ್ನು ಹುಟ್ಟಿಸುತ್ತದೆ.

ಉಳಿಸುವ ಉಪಾಯಗಳಲ್ಲಿ ಮೊದಲನೆಯದು ಚರ್ಮದ ರಕ್ತನಾಳಗಳನ್ನು ಕಿರಿದು ಮಾಡುವುದು. ಆಗ ಬಿಸಿರಕ್ತ ಹೊರಮೈಗೆ ಕಡಿಮೆ ಹರಿದು, ಗುಂಡಿಗೆ, ಶ್ವಾಸಕೋಶ, ಮಿದುಳುಗಳ ಕಡೆ ಉಳಿಯುತ್ತದೆ. ಕಿವಿ ಮತ್ತು ಗೊರಸಿನ ಮೇಲಿನ ಕಾಲು ತಣ್ಣಗಾಗುವುದು ಇದರಿಂದಲೇ. ಕಾಲಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಕೆಳಗಿಳಿಯುವ ಬಿಸಿರಕ್ತದ ನಾಳ ಮತ್ತು ಮೇಲೇರುವ ತಣ್ಣನೆಯ ರಕ್ತದ ನಾಳ ಒಂದಕ್ಕೊಂದು ಅಂಟಿಕೊಂಡಂತೆ ಸಾಗುವುದರಿಂದ, ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ಕೊಟ್ಟು ಮುಂದೆ ಹೋಗುತ್ತದೆ. ಶಾಖ ಗೊರಸಿನ ತನಕ ಹೋಗಿ ವ್ಯರ್ಥವಾಗುವುದಿಲ್ಲ.

ಎರಡನೆಯದು ಕೂದಲು ನಿಮಿರಿಸುವುದು. ನಿಮಿರಿದ ಕೂದಲಿನ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ, ಎಳೆಗಳ ನಡುವಿನ ಗಾಳಿಯಿಂದ ನಮ್ಮ ಶಾಖವನ್ನೇ ನಮಗೆ ಕಾಯ್ದುಕೊಡುತ್ತದೆ. ರಾಸಿನ ಕೂದಲೂ ಹಾಗೆಯೇ. ಎಮ್ಮೆಯ ಮೈಮೇಲೆ ಕೂದಲು ವಿರಳವಾದ್ದರಿಂದ ಅದಕ್ಕೂ ಅದರ ಕರುವಿಗೂ ಹಸುವಿಗಿಂತ ಚಳಿ ಹೆಚ್ಚು ತಟ್ಟುತ್ತದೆ. ಮೂರನೆಯದು ಕಾಲು ಮಡಿಸಿ ಮುದುರಿ ಮಲಗುವುದು, ಒಂದಕ್ಕೊಂದು ಒತ್ತಿಕೊಂಡಿರುವುದು. ಕುರಿ ಮಂದೆ ರಾತ್ರಿ ಒತ್ತಾಗಿ ಮಲಗಿದಾಗ ಪ್ರತಿಯೊಂದು ಕುರಿಯ ಮೈ ಗಾಳಿಗೆ ಕಡಿಮೆ ತೆರೆದುಕೊಳ್ಳುತ್ತದೆ.

ಇಷ್ಟೂ ಸಾಲದಾದಾಗ ನಡುಕ ಶುರುವಾಗುತ್ತದೆ. ನಡುಕವೆಂದರೆ ಮಾಂಸಖಂಡಗಳು ಯಾವ ಕೆಲಸವನ್ನೂ ಮಾಡದೆ ಬರಿಯ ಶಾಖಕ್ಕಾಗಿ ಅದುರುವುದು. ಎಳೆಗರು, ಕುರಿಮರಿ, ಮೇಕೆಮರಿಗಳಿಗೆ ಇದರ ಜೊತೆಗೆ ಇನ್ನೊಂದು ಸಾಧನವಿದೆ. ಮುಖ್ಯವಾಗಿ ಮೂತ್ರಪಿಂಡಗಳ ಸುತ್ತ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬು ಇರುತ್ತದೆ. ಸಾಮಾನ್ಯ ಬಿಳಿ ಕೊಬ್ಬು ಶಕ್ತಿಯ ದಾಸ್ತಾನು ಮಾತ್ರ; ಕಂದು ಕೊಬ್ಬು ತಾನಿದ್ದಲ್ಲಿಯೇ ಉರಿದು ನೇರವಾಗಿ ಶಾಖ ಕೊಡುತ್ತದೆ. ಆದರೆ ಅದು ಕರುವಿನ ತೂಕದ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ. ಚಳಿಗಾಳಿಯಲ್ಲಿ ಒದ್ದೆಯಾಗಿ, ಹಾಲು ಕಾಣದೆ ಬಿದ್ದಿರುವ ಮರಿಯಲ್ಲಿ ಈ ದಾಸ್ತಾನು ಕೆಲವೇ ಗಂಟೆಗಳಲ್ಲಿ ಮುಗಿಯಬಹುದು. ಹಂದಿಮರಿಗೆ ಈ ಕೊಬ್ಬು ಇಲ್ಲವೇ ಇಲ್ಲ. ಹುಟ್ಟಿದ ದಿನದಿಂದಲೇ ಅದಕ್ಕೆ ಹೊರಗಿನ ಕಾವು ಬೇಕು.

ಕೆಲವು ಕಾಡುಪ್ರಾಣಿಗಳು ಚಳಿಗಾಲದಲ್ಲಿ ಒಲೆಯನ್ನೇ ತಗ್ಗಿಸಿ ಮಲಗಿಬಿಡುತ್ತವೆ. ಹಿಮಾಲಯದ ಕಂದು ಕರಡಿ ಮೇವು ಸಿಕ್ಕದ ತಿಂಗಳುಗಳನ್ನು ಗುಹೆಯಲ್ಲಿ ನಿದ್ದೆಯಲ್ಲಿ ಕಳೆಯುತ್ತದೆ. ನಮ್ಮ ರಾಮನಗರದ ಬೆಟ್ಟಗಳ ಕರಡಿ ವರ್ಷವಿಡೀ ಗೆದ್ದಲು, ಹಣ್ಣು ಹುಡುಕಿಕೊಂಡು ತಿರುಗುತ್ತದೆ. ಅದಕ್ಕೆ ಅಂಥ ನಿದ್ದೆಯ ಅಗತ್ಯವಿಲ್ಲ. ಸಾಕುಪ್ರಾಣಿಗಳಿಗಂತೂ ಆ ದಾರಿಯೇ ಇಲ್ಲ. ಅವುಗಳ ಒಲೆ ಉರಿಯುತ್ತಲೇ ಇರಬೇಕು, ಅದಕ್ಕೆ ಮೇವು ಬೀಳುತ್ತಲೇ ಇರಬೇಕು.

ಚಳಿ ಯಾರಿಗೆ, ಯಾರಿಗಲ್ಲ

ಒಂದು ದೊಡ್ಡ ರಾಗಿ ಮುದ್ದೆಯನ್ನೂ ಅದೇ ಹಿಟ್ಟಿನ ನಾಲ್ಕಾರು ಸಣ್ಣ ಉಂಡೆಗಳನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ನೋಡಿ. ಸಣ್ಣ ಉಂಡೆಗಳು ಬೇಗ ಆರುತ್ತವೆ, ದೊಡ್ಡ ಮುದ್ದೆ ಬಹಳ ಹೊತ್ತು ಬಿಸಿಯಾಗಿರುತ್ತದೆ. ಶಾಖ ಇರುವುದು ಒಳಗೆ, ಹೋಗುವುದು ಹೊರಮೈಯಿಂದ. ಗಾತ್ರ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. 400 ಕಿಲೋ ತೂಗುವ ಹಸುವಿಗಿಂತ 30 ಕಿಲೋ ಕರುವಿಗೆ ಪ್ರತಿ ಕಿಲೋ ತೂಕಕ್ಕೆ ಎರಡು ಪಟ್ಟಿಗೂ ಹೆಚ್ಚು, 2 ಕಿಲೋ ಮೇಕೆಮರಿಗೆ ಸುಮಾರು ಆರು ಪಟ್ಟು ಹೊರಮೈ ಇರುತ್ತದೆ. ಕನಕಪುರದ ಕಾಡಂಚಿನಲ್ಲಿ ರಾಗಿ ಹೊಲಕ್ಕೆ ಇಳಿಯುವ ಆನೆ ಧನುರ್ಮಾಸದ ರಾತ್ರಿಯಿಡೀ ಬಯಲಿನಲ್ಲಿ ನಿಂತರೂ ನಡುಗದಿರುವುದಕ್ಕೆ ಅದರ ಗಾತ್ರವೇ ಮುಖ್ಯ ಕಾರಣ.

ಮೈ ಹೆಚ್ಚಿನ ಶಾಖ ಹುಟ್ಟಿಸದೆ ತಡೆದುಕೊಳ್ಳಬಲ್ಲ ಕೆಳಗಿನ ಉಷ್ಣತೆ ಪ್ರತಿಯೊಂದು ಪ್ರಾಣಿಗೂ ಇದೆ. ವಿಲಾಯಿತಿ ತಳಿಗಳ ಮೇಲಿನ ಅಳತೆಗಳ ಪ್ರಕಾರ ಹಾಲು ಕರೆಯುವ ಹಸುವಿಗೆ ಇದು ಸೊನ್ನೆ ಡಿಗ್ರಿಗಿಂತಲೂ ಬಹಳ ಕೆಳಗೆ. ಒಂದು ತಿಂಗಳ ಕರುವಿಗೆ ಸೊನ್ನೆಯ ಆಸುಪಾಸು. ಹುಟ್ಟಿ ಮೈ ಒಣಗಿದ ಎಳೆಗರುವಿಗೆ 10ರಿಂದ 15 ಡಿಗ್ರಿ. ಹುಟ್ಟಿದ ಹೊಸ ಕುರಿಮರಿಗೆ 25ರಿಂದ 30 ಡಿಗ್ರಿ. ಈಗ ನಮ್ಮ ಹವೆಯನ್ನು ನೋಡೋಣ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಅದರ ಪಕ್ಕದ ಈ ನಾಲ್ಕು ತಾಲ್ಲೂಕುಗಳಲ್ಲಿ ಡಿಸೆಂಬರ್-ಜನವರಿ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತವೆ.

ಎಂದರೆ ನಿಮ್ಮ ಮಿಶ್ರತಳಿ ಹಸುವಿಗೆ ಇದು ಚಳಿಯಲ್ಲ. ವರ್ಷದ ಅತ್ಯಂತ ಹಿತವಾದ ಕಾಲ. ಎಳೆಗರುವಿಗೆ ಇದು ಅಂಚಿನಲ್ಲಿರುವ ಉಷ್ಣತೆ: ಒಣಗಿದ್ದು ಹೊಟ್ಟೆ ತುಂಬಿದ್ದರೆ ತಡೆದುಕೊಳ್ಳುತ್ತದೆ, ಒದ್ದೆಯಾಗಿ ಹಸಿದಿದ್ದರೆ ಸೋಲುತ್ತದೆ. ಕುರಿ-ಮೇಕೆ ಮರಿಗಳಿಗಂತೂ ನಮ್ಮ ಸಾಧಾರಣ ಚಳಿಯೂ ಹೆಚ್ಚೇ. ಚಿಕ್ಕ ಮೈ, ಒದ್ದೆ ಮೈ, ಖಾಲಿ ಹೊಟ್ಟೆ, ಈ ಮೂರೂ ಒಂದೇ ಕಡೆ ಸೇರಿದಾಗ ಸಾವು ಸಂಭವಿಸುತ್ತದೆ.

ಒದ್ದೆ, ಗಾಳಿ, ಕಲ್ಲು, ಆಕಾಶ

ಒಂದು ಲೀಟರ್ ನೀರು ಮೈಮೇಲಿಂದ ಆವಿಯಾಗಿ ಹೋಗಲು ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿರುವ ಶಕ್ತಿ ಸುಮಾರು 650 ಕಿಲೊಕ್ಯಾಲೊರಿ. ಹುಟ್ಟಿದ ಕರುವಿನ ಕೂದಲಲ್ಲಿ ಅರ್ಧ ಲೀಟರ್ ನೀರು ಅಂಟಿಕೊಂಡಿದೆ ಎಂದು ಇಟ್ಟುಕೊಳ್ಳಿ. ಅದು ತಾನಾಗಿಯೇ ಒಣಗಬೇಕಾದರೆ 290 ಕಿಲೊಕ್ಯಾಲೊರಿ ಬೇಕು. ಅದರ ಬಹುಪಾಲು ಕರುವಿನ ಮೈಯಿಂದಲೇ ಹೋಗುತ್ತದೆ. ಇದು ಸುಮಾರು 450 ಮಿಲಿಲೀಟರ್ ಹಾಲಿಗೆ ಸಮ. ಇನ್ನೂ ಒಂದು ತೊಟ್ಟು ಹಾಲು ಕುಡಿಯದ ಕರು ಈ ಸಾಲವನ್ನು ತೀರಿಸಬೇಕಾಗುತ್ತದೆ. ನೀವು ಒಣ ಗೋಣಿಚೀಲದಿಂದ ಐದು ನಿಮಿಷ ತಿಕ್ಕಿ ಒರೆಸಿದರೆ ಆ ಸಾಲದ ಹೆಚ್ಚಿನ ಭಾಗವನ್ನು ನೀವೇ ತೀರಿಸಿದಂತೆ.

ಒದ್ದೆಯಾದ ಕೂದಲು ಮೈಗೆ ಅಂಟಿಕೊಂಡು, ನಡುವಿನ ಗಾಳಿಯ ಪದರ ಇಲ್ಲವಾಗುತ್ತದೆ. ಬೀಸುವ ಗಾಳಿಯೂ ಅದೇ ಪದರವನ್ನು ಕಸಿದುಕೊಳ್ಳುತ್ತದೆ. ಆದ್ದರಿಂದ ಒಣಹವೆಯ 12 ಡಿಗ್ರಿಗಿಂತ ಜಡಿಮಳೆಯ 18 ಡಿಗ್ರಿ ಮರಿಗಳಿಗೆ ಹೆಚ್ಚು ಅಪಾಯಕರವಾಗಬಹುದು. ಬಂಗಾಳ ಕೊಲ್ಲಿಯ ಚಂಡಮಾರುತಗಳು ನಮ್ಮ ಕಡೆ ಹೀಗೆ ಮೋಡ, ಜಡಿ, ಶೀತಗಾಳಿಗಳನ್ನು ತರುತ್ತವೆ. 2022ರ ಡಿಸೆಂಬರಿನ ಮಾಂಡೌಸ್, 2024ರ ನವೆಂಬರ್ ಕೊನೆಯ ಫೆಂಗಲ್ ಚಂಡಮಾರುತಗಳು ತಮಿಳುನಾಡಿನ ಕಡೆ ದಡ ಸೇರಿದರೂ ಇಲ್ಲಿ ಹಗಲಲ್ಲೂ ಚಳಿ ಹುಟ್ಟಿಸಿದವು. ಇಂಥ ಮುನ್ಸೂಚನೆ ಬಂದಾಗ ಮಂದೆಯನ್ನು ಬಯಲಿನಲ್ಲಿ ತಂಗಿಸದೆ ಮರಿಗಳನ್ನು ಸೂರಿನಡಿ ತರಬೇಕು.

ಮಾಗಡಿ, ರಾಮನಗರದ ಕಡೆ ಕೊಟ್ಟಿಗೆಗೆ ಚಪ್ಪಡಿ ಕಲ್ಲು ಹಾಸುವುದು ರೂಢಿ. ಗಟ್ಟಿಯಾದ, ತೊಳೆಯಲು ಅನುಕೂಲವಾದ ನೆಲವೇನೋ ಸರಿ. ಆದರೆ ಕಲ್ಲು ಮತ್ತು ಸಿಮೆಂಟು ಶಾಖವನ್ನು ಬೇಗ ಎಳೆದುಕೊಳ್ಳುತ್ತವೆ. ಕರು ದಿನದ ಹೆಚ್ಚು ಹೊತ್ತು ಮಲಗಿಯೇ ಇರುವುದರಿಂದ ಅದರ ಶಾಖ ಕೆಳಮುಖವಾಗಿ ಸೋರುತ್ತದೆ. ಇನ್ನು ತಿಳಿ ಆಕಾಶದ ರಾತ್ರಿ ಬಯಲಲ್ಲಿ ಕಟ್ಟಿದ ರಾಸು ತನ್ನ ಶಾಖವನ್ನು ಆಕಾಶಕ್ಕೂ ಸೂಸುತ್ತದೆ. ಹಿಪ್ಪುನೇರಳೆ ಎಲೆಯ ಮೇಲೆ ಇಬ್ಬನಿ ಕೂಡುವುದೂ ಎಲೆ ಹೀಗೆ ಶಾಖ ಸೂಸಿ ತಣ್ಣಗಾಗುವುದರಿಂದಲೇ. ಮರದಡಿಯಲ್ಲಿ ಇಬ್ಬನಿ ಕಡಿಮೆ ಬೀಳುವುದನ್ನು ಗಮನಿಸಿದವರಿಗೆ, ತೆಂಗಿನ ಗರಿಯ ಚಪ್ಪರವಾದರೂ ಏಕೆ ಬೇಕೆಂದು ಹೇಳಬೇಕಾಗಿಲ್ಲ.

ಹುಟ್ಟಿದ ಮೊದಲ ರಾತ್ರಿ

ಈ ಕಾಲದಲ್ಲಿ ಈಯುವ ಹಸು, ಕುರಿ, ಮೇಕೆಗಳಿದ್ದರೆ ಈ ಕೆಳಗಿನ ಕ್ರಮಗಳನ್ನು ಅನುಸರಿಸಿ.

1. ಕರು ಹುಟ್ಟಿದ ಕೂಡಲೇ ಮೂಗು-ಬಾಯಿಯ ಲೋಳೆ ತೆಗೆದು, ತಾಯಿಗೆ ನೆಕ್ಕಲು ಬಿಡಿ. ನೆಕ್ಕುವುದರಿಂದ ಕರು ಒಣಗುತ್ತದೆ, ರಕ್ತದ ಓಟವೂ ಚುರುಕಾಗುತ್ತದೆ. ಜೊತೆಗೆ ನೀವೂ ಒಣಬಟ್ಟೆ ಅಥವಾ ಗೋಣಿಯಿಂದ, ಹೊಟ್ಟೆಯಡಿ, ತೊಡೆಸಂದು ಬಿಡದಂತೆ, ತಿಕ್ಕಿ ಒರೆಸಿ.

2. ಮೊದಲ ಒಂದು-ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಮಾಸು ಬೀಳುವ ತನಕ ಕುಡಿಸಬಾರದೆಂಬ ನಂಬಿಕೆ ಸರಿಯಲ್ಲ. ಕರು ಚೀಪುವುದರಿಂದ ಮಾಸು ಬೀಳಲು ಸಹಾಯವೇ ಆಗುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗ, ಎಂದರೆ 30 ಕಿಲೋ ಕರುವಿಗೆ 3 ಲೀಟರ್, ಮೊದಲ ದಿನವೇ ಎರಡು-ಮೂರು ಸಲವಾಗಿ ಹೊಟ್ಟೆ ಸೇರಬೇಕು. ಗಿಣ್ಣು ಶಾಖಕ್ಕೆ ಸೌದೆ; ರೋಗ ತಡೆಯುವ ವಸ್ತುಗಳೂ ಅದರಲ್ಲಿವೆ. ಅವನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಮೊದಲ ಒಂದು ದಿನ ಮಾತ್ರ, ಅದೂ ಗಂಟೆ ಗಂಟೆಗೂ ಇಳಿಯುತ್ತದೆ. ನೆರೆಹೊರೆಗೆ ಗಿಣ್ಣು ಹಂಚುವ ಪದ್ಧತಿ ಒಳ್ಳೆಯದೇ. ಕರುವಿನ ಪಾಲು ತೆಗೆದಿಟ್ಟ ಮೇಲೆ ಹಂಚಿ.

3. ನೆಲದ ಮೇಲೆ ಒಂದು ಗೇಣು ದಪ್ಪ ಒಣ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು ಹಾಸಿ. ಮಲಗಿದ ಕರುವಿನ ಕಾಲು ಹುಲ್ಲಿನಲ್ಲಿ ಮುಚ್ಚುವಂತಿರಬೇಕು. ಗಂಜಲದಿಂದ ಒದ್ದೆಯಾದ ಭಾಗವನ್ನು ಪ್ರತಿದಿನ ತೆಗೆದು ಹೊಸದನ್ನು ಹಾಕಿ. ತೆಗೆದ ಹುಲ್ಲು ತಿಪ್ಪೆಗೆ ಒಳ್ಳೆಯ ಗೊಬ್ಬರವಾಗುತ್ತದೆ.

4. ಗಾಳಿ ಬೀಸುವ ದಿಕ್ಕಿಗೆ ನೆಲದಿಂದ ಮೂರು ಅಡಿ ಎತ್ತರದ ತನಕ ತಡಿಕೆ ಅಥವಾ ಗೋಣಿ ಕಟ್ಟಿ. ಕುರಿ-ಮೇಕೆ ಮರಿಗಳನ್ನು ಹುಲ್ಲು ಹಾಸಿದ ಬಿದಿರು ಕುಕ್ಕೆಯಲ್ಲಿ ಎರಡು-ಮೂರು ಒಟ್ಟಿಗೆ ಬಿಡಬಹುದು. ಎರಡು-ಮೂರು ಗಂಟೆಗೊಮ್ಮೆ ತಾಯಿಯ ಬಳಿ ಬಿಟ್ಟು ಹಾಲು ಕುಡಿಸಿ.

5. ಮರಿಗಳಿಗೆ ದೀಪದ ಕಾವು ಕೊಡುವುದಾದರೆ ಹಳೆಯ ಬಗೆಯ ತಂತಿ ಬಲ್ಬು ಬೇಕು. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ಬಲ್ಬು ಹುಲ್ಲಿಗೂ ಮರಿಯ ಬಾಯಿಗೂ ಸಿಕ್ಕದಷ್ಟು ಎತ್ತರದಲ್ಲಿರಲಿ. ಮುಚ್ಚಿದ ಮನೆಯಲ್ಲಿ ಇದ್ದಿಲ ಕೆಂಡ ಇಡಬೇಡಿ. ಅದರಿಂದ ಹುಟ್ಟುವ ವಿಷಾನಿಲಕ್ಕೆ ವಾಸನೆ ಇಲ್ಲ. ಜಾನುವಾರುಗಳಂತೆ ಮನುಷ್ಯರನ್ನೂ ಅದು ಕೊಲ್ಲುತ್ತದೆ. ಹುಳು ಮನೆಗಳಲ್ಲಿಯೂ ಈ ಎಚ್ಚರ ಅಗತ್ಯ.

ಹಾಲು ಕೊಡುವ ಹಸುವಿಗೆ ಏನು?

ಹಸುವಿಗೆ ಚಳಿಯಾದೀತೆಂದು ಕೊಟ್ಟಿಗೆಯ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿಬಿಡುವುದು ತಪ್ಪು. ಉಸಿರಿನ ತೇವ ಮತ್ತು ಗಂಜಲದ ಘಾಟು ಒಳಗೇ ಉಳಿದು, ಅದೇ ಕೊಟ್ಟಿಗೆಯಲ್ಲಿರುವ ಕರುಗಳಿಗೆ ಶ್ವಾಸಕೋಶದ ರೋಗ ಬರುತ್ತದೆ. ಕೆಳಗೆ ಗಾಳಿ ತಡೆಯಿರಿ, ಮೇಲೆ ಸೂರಿನಡಿ ಗಾಳಿಯಾಡಲು ಬಿಡಿ. ಒಳಗೆ ಹೋದಾಗ ನಿಮ್ಮ ಕಣ್ಣು ಉರಿದರೆ ಗಾಳಿ ಸಾಲದೆಂದು ತಿಳಿಯಿರಿ.

ಸಂಜೆ ಹೊತ್ತು ಒಣಮೇವನ್ನು ಹೆಚ್ಚಾಗಿ ಹಾಕಿ. ಅದು ಹುದುಗುವ ಶಾಖ ರಾತ್ರಿಗೆ ಒದಗುತ್ತದೆ. ಸುಗ್ಗಿಯಲ್ಲಿ ರಾಗಿ ಹುಲ್ಲನ್ನು ಚೆನ್ನಾಗಿ ಒಣಗಿಸಿ, ಮಳೆ ಇಳಿಯದಂತೆ ಮೆದೆ ಹಾಕಿದವರಿಗೆ ಮೇವೂ ಹಾಸೂ ಒಂದೇ ಕಡೆ ಸಿಕ್ಕಿದಂತಾಯಿತು. ತುಂಬಿದ ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ದಿನಕ್ಕೆ 1ರಿಂದ 1.5 ಕಿಲೋ ಹಿಂಡಿ ಮಿಶ್ರಣ ಹೆಚ್ಚಾಗಿ ಕೊಟ್ಟರೆ, ಕರು ಒಳ್ಳೆಯ ತೂಕದಲ್ಲಿ ಹುಟ್ಟುತ್ತದೆ. ಬೆಳಗಿನ ಡೇರಿ ಹೊತ್ತಿಗೆ ಮುಂಚೆ ಹಸುವಿನ ಮೈಯನ್ನೆಲ್ಲ ತಣ್ಣೀರಿನಿಂದ ತೊಳೆಯಬೇಡಿ. ಕೆಚ್ಚಲನ್ನು ಮಾತ್ರ ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒರೆಸಿದರೆ ಸಾಕು. ಸಂಕ್ರಾಂತಿಯ ದಿನ ದನಗಳ ಮೈ ತೊಳೆಯುವಾಗಲೂ ಎಳೆಗರುಗಳನ್ನು ಬಿಸಿಲೇರಿದ ಮೇಲೆ ತೊಳೆದು, ಒಣಗಿಸಿ ನೆರಳಿಗೆ ಕಟ್ಟಿ.

ಕಿವಿ ಮುಟ್ಟಿ ನೋಡಿದರೆ ಸಾಲದು

ಚಳಿಯಲ್ಲಿ ಕಿವಿ ತಣ್ಣಗಿರುವುದು ಸಹಜವೆಂದು ಮೇಲೆ ಹೇಳಿದೆ. ಆದ್ದರಿಂದ ಕಿವಿ ಮುಟ್ಟಿ ಒಳಮೈಯ ಶಾಖವನ್ನು ನಿರ್ಧರಿಸಬಾರದು. ಪ್ರತಿ ಮನೆಯಲ್ಲೂ ಒಂದು ಥರ್ಮಾಮೀಟರ್ ಇರಲಿ. ಅದನ್ನು ಗುದದ್ವಾರದಲ್ಲಿ ಇಟ್ಟು ನೋಡಬೇಕು. ಎಳೆಗರುವಿನಲ್ಲಿ 38.5ರಿಂದ 39.5 ಡಿಗ್ರಿ ಸೆಂಟಿಗ್ರೇಡ್, ಎಂದರೆ ಸುಮಾರು 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದದ್ದು. 38ಕ್ಕಿಂತ ಇಳಿದಿದ್ದರೆ ಒರೆಸಿ, ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರ ಬಾಟಲಿಗಳನ್ನು ಪಕ್ಕದಲ್ಲಿಟ್ಟು, ಬೆಚ್ಚಗಿನ ಹಾಲು ಕುಡಿಸಿ. ನಡುಗುತ್ತಿದ್ದ ಕರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾದರೆ, ಅದು ಸುಧಾರಿಸಿತೆಂದು ಭಾವಿಸಬೇಡಿ. ಸೌದೆ ಮುಗಿದು ಒಲೆ ಆರುತ್ತಿರುವ ಗುರುತು ಅದು. 36 ಡಿಗ್ರಿಗೂ ಕೆಳಗಿಳಿದು ಚೀಪುವ ಶಕ್ತಿಯೂ ಇಲ್ಲದ ಕರುವಿಗೆ, ಮರಿಗೆ ಬಾಯಿಯಲ್ಲಿ ಹಾಲು ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಡಮಾಡದೆ ಪಶುವೈದ್ಯರನ್ನು ಕರೆಸಿ, ಗ್ಲೂಕೋಸ್ ಕೊಡಬೇಕಾಗಬಹುದು.

ಇನ್ನೊಂದು ಮುಖ್ಯ ಮಾತು. ಹೆಚ್ಚು ಹಾಲಿನ ಹಸು ಈದ ಒಂದೆರಡು ದಿನಗಳಲ್ಲಿ ಏಳಲಾರದೆ, ಕತ್ತನ್ನು ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿ, ಕಿವಿ-ಕಾಲು ತಣ್ಣಗಾಗಿದ್ದರೆ ಅದನ್ನು ಚಳಿಯೆಂದು ಭಾವಿಸಿ ಕಂಬಳಿ ಹೊದಿಸಿ ಕಾಯಬೇಡಿ. ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಅದರಲ್ಲಿ ಮೈಶಾಖ ಇಳಿದಿರುತ್ತದೆ. ಕಾರಣ ರಕ್ತದಲ್ಲಿ ಸುಣ್ಣದಂಶ ಕುಸಿದಿರುವುದು. ಪಶುವೈದ್ಯರು ಬೇಗ ಬಂದು ಕ್ಯಾಲ್ಸಿಯಂ ಕೊಟ್ಟರೆ ಹಸು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ, ತಡವಾದರೆ ಸಾಯುತ್ತದೆ.

ಹುಳು ಮನೆಗೆ ಮೊಟ್ಟೆ ತರುವ ಮುಂಚೆ ತಟ್ಟೆ, ಚಂದ್ರಿಕೆ, ಹೀಟರ್ ಎಲ್ಲವನ್ನೂ ಸಿದ್ಧ ಮಾಡಿಕೊಳ್ಳುವಂತೆ, ಹಸು ಈಯುವ ವಾರಕ್ಕೆ ಮುಂಚೆಯೇ ಒಂದು ಹೊರೆ ಒಣ ಹುಲ್ಲು, ಎರಡು ಒಣ ಗೋಣಿಚೀಲ, ಒಂದು ಥರ್ಮಾಮೀಟರ್, ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆ, ಇಷ್ಟನ್ನು ಕೊಟ್ಟಿಗೆಯಲ್ಲಿ ಕೈಗೆ ಸಿಕ್ಕುವಂತೆ ಇಟ್ಟುಕೊಳ್ಳಿ. ನಡುರಾತ್ರಿ ಹುಟ್ಟಿದ ಕರು ಬೆಳಗಿನ ತನಕ ಕಾಯಲಾರದು.